ಫ್ಲೆಕ್ಸ್ ನಾಡಿನಲ್ಲೊಬ್ಬ ವೇಷಗಾರ್ತಿ

ಬೆಂಗಳೂರಿನ ಯಾವ ಸರ್ಕಲ್ಲಿನಲ್ಲಾದರೂ ನಿಂತು ತಲೆ ಎತ್ತಿ ನೋಡಿ. ಬಿಳಿ ಷರಟು, ಬೆರಳಿಗೊಂದು ಉಂಗುರ, ಮುಗಿದ ಕೈ, ಮೂವತ್ತೆರಡೂ ಹಲ್ಲು. ಮೇಲ್ಗಡೆ ಪಕ್ಷದ ನಾಯಕರು ಹಿರಿತನಕ್ಕೆ ತಕ್ಕ ಗಾತ್ರದಲ್ಲಿ. ಕೆಳಗಡೆ 'ಶುಭ ಕೋರುವವರು' ಅಂಚೆಚೀಟಿಯ ಗಾತ್ರದಲ್ಲಿ. ನಡುವೆ ನಮ್ಮ 'ಭಾವಿ ಕಾರ್ಪೊರೇಟರ್'. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸುಳಿವಿಲ್ಲ. ವಾರ್ಡುಗಳ ಗಡಿ ಬದಲಾಯಿತು, ಪಾಲಿಕೆಯ ಹೆಸರೇ ಬದಲಾಯಿತು. ಭಾವಿಗಳು ಮಾತ್ರ ಭಾವಿಗಳಾಗಿಯೇ ಉಳಿದರು. ನ್ಯೂಯಾರ್ಕಿನ ಮ್ಯೂಸಿಯಮ್ಮೊಂದರಲ್ಲಿ 2010ರಲ್ಲಿ ಮರೀನಾ ಅಬ್ರಮೊವಿಚ್ ಎಂಬ ಕಲಾವಿದೆ ಎರಡೂವರೆ ತಿಂಗಳು ಕುರ್ಚಿಯ ಮೇಲೆ ಸುಮ್ಮನೆ ಕೂತರು, ಎದುರು ಬಂದು ಕೂತವರನ್ನು ದಿಟ್ಟಿಸಿದರು, ಕಲಾಲೋಕ ಕಣ್ಣೀರಿಟ್ಟಿತು. ನಮ್ಮವರು ಕುರ್ಚಿಯೇ ಇಲ್ಲದೆ ವರ್ಷಗಟ್ಟಲೆ ನಿಂತೇ ಇದ್ದಾರೆ, ಒಬ್ಬ ವಿಮರ್ಶಕನೂ ಅತ್ತಿಲ್ಲ.

2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದಾಗ ಒಂದೇ ಸಮನೆ ಫ್ಲೆಕ್ಸುಗಳನ್ನು ಕಿತ್ತರು. ಊರಿಗೆ ಒಂದಷ್ಟು ದಿನ ಆಕಾಶ ಕಂಡಿತು. ಆಮೇಲೆ ಯಾರದೋ ಹುಟ್ಟುಹಬ್ಬ ಬಂತು, ಆಕಾಶ ಮತ್ತೆ ಮುಚ್ಚಿಕೊಂಡಿತು. ಅಚ್ಚು ಮತ್ತು ಅಭಿನಯ ಎರಡನ್ನೂ ಹದವಾಗಿ ಬೆರೆಸಿ, ಚದರಡಿ ಲೆಕ್ಕದಲ್ಲಿ ಬೀದಿಬೀದಿಗೆ ಹಂಚುವ ಇಂಥ ಕಲಾಪರಂಪರೆ ಇರುವ ಊರಿನಲ್ಲಿ, ಅದೇ ಕೆಲಸ ಮಾಡುವುದಕ್ಕೆ ಬೇರೆ ಒಬ್ಬ ಕಲಾವಿದೆ ಯಾಕೆ ಬೇಕು ಎನ್ನುವುದು ನನ್ನ ತಕರಾರು. ಆ ಕಲಾವಿದೆಯ ಹೆಸರು ಎನ್. ಪುಷ್ಪಮಾಲಾ. ಬೆಂಗಳೂರಿನವರೇ.

ಅವರ ಕಸುಬಿನ ಚರಿತ್ರೆಯನ್ನು ನೋಡಿದರೆ ಯಾವ ತಂದೆತಾಯಿಗಾದರೂ ಎದೆ ಝಲ್ಲೆನ್ನುತ್ತದೆ. 1956ರಲ್ಲಿ ಹುಟ್ಟಿದವರು. ಬರೋಡಾಕ್ಕೆ ಹೋಗಿ ಶಿಲ್ಪಕಲೆಯಲ್ಲಿ ಎಂ.ಎ. ಮಾಡಿದರು. ಸುಟ್ಟ ಮಣ್ಣಿನಲ್ಲಿ ಹುಡುಗಿಯರ ಮೂರ್ತಿಗಳನ್ನು ಮಾಡಿ ಹೆಸರು ಗಳಿಸಿದರು. 1986ರಲ್ಲಿ ದಿಲ್ಲಿಯ ಟ್ರಿಯೆನಾಲೆ ಕಲಾಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. ಚಿನ್ನದ ಪದಕದ ಶಿಲ್ಪಿ ಎಂದರೆ ಕರ್ನಾಟಕದಲ್ಲಿ ಏನರ್ಥ? ಪ್ರತಿ ಸರ್ಕಲ್ಲಿಗೊಂದು ಪುತ್ಥಳಿ, ಪ್ರತಿ ಪುತ್ಥಳಿಗೊಂದು ಟೆಂಡರು, ಪ್ರತಿ ಅನಾವರಣಕ್ಕೊಂದು ಶಾಲು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರಲ್ಲಿ 108 ಅಡಿಯ ಕೆಂಪೇಗೌಡರು ಎದ್ದು ನಿಂತರಲ್ಲ, ಆ ಮಟ್ಟದ ಭವಿಷ್ಯವಿದ್ದ ಕ್ಷೇತ್ರ ಅದು. ಇವರು ತೊಂಬತ್ತರ ದಶಕದಲ್ಲಿ ಮಣ್ಣು ತೊಳೆದುಕೊಂಡು, ಕಣ್ಣಿಗೆ ಕರೀ ಮುಖವಾಡ ಕಟ್ಟಿಕೊಂಡು ಬೊಂಬಾಯಿಯ ಬೀದಿಗಿಳಿದರು.

'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಎನ್ನುವುದು ಆ ಕೃತಿ. 1996ರಿಂದ 98ರವರೆಗೆ ಮಾಡಿದ್ದು. ಕಪ್ಪು-ಬಿಳುಪು ಫೋಟೋಗಳಲ್ಲಿ ಹೇಳಿದ ಥ್ರಿಲ್ಲರ್ ಕಥೆ. ಚಿಕ್ಕಂದಿನಲ್ಲಿ ಬೇರಾದ ಅವಳಿ ಅಕ್ಕತಂಗಿಯರು. ಒಬ್ಬಳು ಹಳೇ ಹಿಂದಿ ಸ್ಟಂಟ್ ಸಿನಿಮಾಗಳ ಫಿಯರ್‌ಲೆಸ್ ನಾಡಿಯಾಳ ವಂಶದ ಮುಖವಾಡದ ವೀರಾಂಗನೆ, ಇನ್ನೊಬ್ಬಳು ಗೂಂಡಾಗಳ ಸಹವಾಸದ ಮೋಹಿನಿ. ಎರಡೂ ಪಾತ್ರ ಇವರದೇ. ಸಿನಿಮಾ ಅನ್ನೋಣವೆಂದರೆ ಚಿತ್ರ ಅಲ್ಲಾಡುವುದಿಲ್ಲ. ನಾಟಕ ಅನ್ನೋಣವೆಂದರೆ ಮಾತಿಲ್ಲ. ಫೋಟೋ ಪ್ರದರ್ಶನ ಅನ್ನೋಣವೆಂದರೆ ಫೋಟೋ ತೆಗೆದವರು ಬೇರೆ. ಇದಕ್ಕೆ ಅವರು ಕೊಟ್ಟ ಹೆಸರು ಫೋಟೋ-ರೊಮಾನ್ಸ್. ಆಮೇಲೆ ಇಂಥ ಕೆಲಸಗಳಿಗೆಲ್ಲ ಫೋಟೋ-ಪರ್ಫಾರ್ಮೆನ್ಸ್ ಎಂಬ ಹೆಸರು ನಿಂತಿತು.

ಇಂಥವರೊಬ್ಬರ ಅರ್ಜಿ ನಮ್ಮ ಸರ್ಕಾರಿ ಕಚೇರಿಯೊಂದಕ್ಕೆ ಬಂತು ಎಂದೇ ಕಲ್ಪಿಸಿಕೊಳ್ಳಿ. ನಮ್ಮಲ್ಲಿ ಕಲೆಗೆ ಕೊರತೆಯಿದ್ದರೂ ಅಕಾಡೆಮಿಗಳಿಗಿಲ್ಲ: ಶಿಲ್ಪಕಲೆಗೊಂದು, ಲಲಿತಕಲೆಗೊಂದು, ನಾಟಕಕ್ಕೊಂದು, ಚಲನಚಿತ್ರಕ್ಕೊಂದು, ಜಾನಪದಕ್ಕೊಂದು. ಕಡತ ಮೊದಲು ಶಿಲ್ಪಕಲೆಗೆ ಹೋಗುತ್ತದೆ. 'ಕಲ್ಲೆಲ್ಲಿ?' ಎಂದು ಬರೆದು ಲಲಿತಕಲೆಗೆ ತಳ್ಳುತ್ತಾರೆ. ಅಲ್ಲಿನ ಗುಮಾಸ್ತರು ಮನುಷ್ಯರು, ತಾಳ್ಮೆಯಿಂದ ವಿಚಾರಿಸುತ್ತಾರೆ. ಪರದೆ ಬರೆದದ್ದು ಯಾರು? ಪೇಂಟರುಗಳು. ಸೀರೆ ಕುಪ್ಪಸ ಹೊಲಿದದ್ದು? ಟೈಲರ್. ಫೋಟೋ ತೆಗೆದದ್ದು? ಫೋಟೋಗ್ರಾಫರ್. ಮತ್ತೆ ಅಮ್ಮಾವ್ರು ಮಾಡಿದ್ದೇನು? ನಿಂತರು. ನಿಂತದ್ದಕ್ಕೆ ಪ್ರಶಸ್ತಿ ಕೊಡುವ ನಿಯಮ ಚುನಾವಣಾ ಆಯೋಗದಲ್ಲೂ ಇಲ್ಲ, ಗೆಲ್ಲಬೇಕು. ನಾಟಕದವರು ಡೈಲಾಗ್ ಕೇಳುತ್ತಾರೆ, ಚಲನಚಿತ್ರದವರು ಚಲನೆ ಕೇಳುತ್ತಾರೆ. ಕೊನೆಗೆ ಜಾನಪದದಲ್ಲಿ 'ಇದು ಹಗಲುವೇಷವಲ್ಲವೇ?' ಎಂದು ಒಬ್ಬ ಬುದ್ಧಿವಂತ ಕಂಡುಹಿಡಿಯುತ್ತಾನೆ. ಸರಿಯಾಗಿಯೇ ಕಂಡುಹಿಡಿದಿದ್ದಾನೆ. ಆದರೆ ಜೊತೆಗೆ ಇಂಗ್ಲಿಷಿನಲ್ಲೊಂದು ಕಾನ್ಸೆಪ್ಟ್ ನೋಟ್ ಇದೆ. ಜಾನಪದಕ್ಕೆ ಅದು ಅನರ್ಹತೆ.

ಹಗಲುವೇಷದ ಮಾತು ಬಂತಲ್ಲ, ಅದನ್ನು ಅಲ್ಲಿಗೇ ಬಿಡಬಾರದು. ಮಟಮಟ ಮಧ್ಯಾಹ್ನ ರಾಮ, ರಾವಣ, ಶೂರ್ಪನಖಿಯರು ಹಾರ್ಮೋನಿಯಂ ಸಮೇತ ನಮ್ಮ ಹಳ್ಳಿಗಳ ಬೀದಿಗೆ ಬರುತ್ತಿದ್ದರು. ಬಣ್ಣ ಬೆವರಿಗೆ ಕರಗುತ್ತಿತ್ತು, ಕಿರೀಟದ ಹಿಂದಿನ ದಾರ ಕಾಣುತ್ತಿತ್ತು. ಕಂಡರೂ ಹೆಂಗಸರು ಕೈಮುಗಿದು ಮೊರದಲ್ಲಿ ಅಕ್ಕಿ ತಂದು ಹಾಕುತ್ತಿದ್ದರು. ದೇವರೂ ಹೌದು, ವೇಷವೂ ಹೌದು ಎಂಬ ಎರಡು ತಿಳಿವಳಿಕೆ ಒಂದೇ ತಲೆಯಲ್ಲಿ ಜಗಳವಾಡದೆ ಇರುತ್ತಿದ್ದ ಕಾಲ ಅದು. ಪುಷ್ಪಮಾಲಾ ಅವರೂ 2012ರ 'ಆವೇಗ' ಎಂಬ ಸರಣಿಯಲ್ಲಿ ಕೈಕೇಯಿ, ಶೂರ್ಪನಖಿ, ಸೀತೆಯರಾಗಿ ನಿಂತರು. ವ್ಯತ್ಯಾಸವೇನೆಂದರೆ, ಹಗಲುವೇಷದ ಶೂರ್ಪನಖಿಗೆ ಒಂದು ಪಾವು ಅಕ್ಕಿ. ಗ್ಯಾಲರಿಯ ಶೂರ್ಪನಖಿಯ ಮುಂದೆ ವೈನ್ ಗ್ಲಾಸು ಹಿಡಿದವರ ಗುಂಪು. ಅಕ್ಕಿ ಹಾಕುವ ಅಜ್ಜಿಗೆ ಕಿರೀಟದ ದಾರ ಕಾಣುತ್ತಿತ್ತು. ಗ್ಲಾಸು ಹಿಡಿದವರಿಗೆ ಅದು ಕಾಣಬೇಕಾದರೆ ಕ್ಯುರೇಟರ್ ಬಂದು 'ಸ್ತ್ರೀದೇಹದ ವಸಾಹತೋತ್ತರ ಮರುಓದು' ಎಂದು ಬೆರಳು ಮಾಡಿ ತೋರಿಸಬೇಕು.

ನಿಜವಾದ ಅಪರಾಧ ಶುರುವಾದದ್ದು 2000ದಲ್ಲಿ. ಬೆಂಗಳೂರಿನಲ್ಲಿ ನೆಲೆಸಿದ ಬ್ರಿಟಿಷ್ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆಗೂಡಿ 2004ರವರೆಗೆ ಮಾಡಿದ 'ದಕ್ಷಿಣ ಭಾರತದ ದೇಸೀ ಸ್ತ್ರೀಯರು: ರೀತಿ-ನೀತಿಗಳು' ಎಂಬ ಸರಣಿ. ಹೆಸರು ಕೇಳಿದರೆ ಹಳೆಯ ಗೆಜೆಟಿಯರಿನ ಬೂಷ್ಟು ವಾಸನೆ ಬರುತ್ತದೆ. ಬರಲಿ ಎಂದೇ ಇಟ್ಟದ್ದು. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಎಂಬ ದೊರೆ ಕ್ಯಾಲಿಪರ್ ಹಿಡಿದು ಜನರ ತಲೆ, ಮೂಗು ಅಳೆಯುತ್ತ ಅಲೆದವನು. 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಅಚ್ಚು ಹಾಕಿಸಿದ. ಅಂಥ ವಿದ್ವಾಂಸರು ಜನರನ್ನು ಕರಿ-ಬಿಳಿ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಎಷ್ಟು ಚೌಕ ಎತ್ತರ, ಎಷ್ಟು ಚೌಕ ಅಗಲ ಎಂದು ಎಣಿಸಿದರೆ ಒಂದು ಜನಾಂಗ ಮುಗಿಯಿತು. ಪುಷ್ಪಮಾಲಾ ಅದೇ ಚೌಕಳಿಯ ಮುಂದೆ ತೋಡ ಬುಡಕಟ್ಟಿನ ಹೆಂಗಸಾಗಿ ಹೋಗಿ ನಿಂತರು. ಬರೋಡಾದ ಎಂ.ಎ. ಪದವಿ ಎಷ್ಟು ಚೌಕ ಬರುತ್ತದೆ ಎಂದು ಥರ್ಸ್ಟನ್ ಸಾಹೇಬರೇ ಎದ್ದು ಬಂದು ಎಣಿಸಬೇಕು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬ್ರಿಟಿಷರನ್ನು ಗೇಲಿ ಮಾಡಿದರು ಎಂದು ನಾವೂ ಚಪ್ಪಾಳೆ ತಟ್ಟಬಹುದಿತ್ತು. ಸತ್ತ ದೊರೆಗಳನ್ನು ಗೇಲಿ ಮಾಡುವುದು ನಮಗೆ ಅತ್ಯಂತ ಪ್ರಿಯವಾದ ಧೈರ್ಯ. ಆದರೆ ಅವರು ನಮ್ಮ ದೇವರಮನೆಗೇ ಬಂದುಬಿಟ್ಟರು. ರವಿವರ್ಮನ ಲಕ್ಷ್ಮಿಯಾಗಿ ತಾವರೆಯ ಮೇಲೆ ನಿಂತರು. ಅದೇ ಸೀರೆ, ಅದೇ ಒಡವೆ, ಅದೇ ಕೊಳ. ನಾಲ್ಕು ಕೈಗಳಲ್ಲಿ ಎರಡು ಸ್ವಂತದ್ದು, ಇನ್ನೆರಡಕ್ಕೆ ಏನು ಏರ್ಪಾಡು ಎಂದು ನೋಡುವವರೇ ಊಹಿಸಿಕೊಳ್ಳಬೇಕು. ತಾವರೆ ಕಟ್ಟಿದ್ದು, ನೀರು ಬಳಿದದ್ದು ಎಂಬುದನ್ನು ಮುಚ್ಚಿಡುವ ಸೌಜನ್ಯವೂ ಅವರಿಗಿಲ್ಲ. ಈ ಚಿತ್ರಗಳು ಹೇಗೆ ತಯಾರಾದವು ಎಂಬುದರ ಫೋಟೋಗಳನ್ನೂ ಸರಣಿಯೊಳಗೇ ಸೇರಿಸಿ ಗೋಡೆಗೆ ಹಾಕಿದರು.

ಭಕ್ತರಿಗೆ ನೋವಾಗುವುದು ಇಲ್ಲೇ. ರವಿವರ್ಮನ ಲಕ್ಷ್ಮಿಗೂ ಒಬ್ಬ ಹೆಂಗಸು ಪೋಸು ಕೊಟ್ಟಿರಲೇಬೇಕಲ್ಲ ಎಂಬ ಯೋಚನೆ ನೂರು ವರ್ಷದಲ್ಲಿ ನಮ್ಮ ತಲೆಗೆ ಬಂದಿರಲಿಲ್ಲ. ಅವನು ಮಾಡೆಲ್ಲುಗಳನ್ನು ನಿಲ್ಲಿಸಿ ಬರೆದ. 1894ರಲ್ಲಿ ಬೊಂಬಾಯಿಯ ಘಾಟ್‌ಕೋಪರಿನಲ್ಲಿ ಜರ್ಮನಿಯ ಯಂತ್ರಗಳನ್ನು ತಂದು ಪ್ರೆಸ್ಸು ಹಾಕಿದ. ಬಣ್ಣಕ್ಕೊಂದು ಕಲ್ಲು, ಒಂದೊಂದು ಕಲ್ಲಿನಿಂದಲೂ ಅದೇ ಕಾಗದದ ಮೇಲೆ ಒಂದೊಂದು ಸಲ ಅಚ್ಚು ಬೀಳಬೇಕು, ಎಲ್ಲ ಬಣ್ಣ ಕೂತಾಗ ಲಕ್ಷ್ಮಿ ಪ್ರತ್ಯಕ್ಷ. ಅಲ್ಲಿಯವರೆಗೆ ಗುಡಿಯ ಹೊಸ್ತಿಲು ದಾಟಲಾಗದವರ ಮನೆಗೂ ದೇವಿ ಕಾಗದದ ಮೇಲೆ ನಡೆದು ಬಂದಳು. ಪ್ರೆಸ್ಸು ನಷ್ಟಕ್ಕೆ ಬಿತ್ತು, ಮಳವಳಿಗೆ ಹೋಯಿತು (ಮಂಡ್ಯದ ಮಳವಳ್ಳಿಯಲ್ಲ, ಲೋಣಾವಳದ ಹತ್ತಿರದ್ದು), ಕೊನೆಗೆ ಫ್ರಿಟ್ಸ್ ಶ್ಲೈಚರ್ ಎಂಬ ಜರ್ಮನ್ ತಂತ್ರಜ್ಞನ ಪಾಲಾಯಿತು. ಅಂದರೆ ನಮ್ಮ ಅಜ್ಜಿಯರು ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚಿದ ಲಕ್ಷ್ಮಿಯರಲ್ಲಿ ಬಹುಪಾಲು ಮಂದಿ ಜರ್ಮನ್ ಮಾಲೀಕತ್ವದವರು. ಶುದ್ಧ ಸ್ವದೇಶಿ ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವವರು ಇದನ್ನು ಗಮನಿಸದೆ ಇರುವುದು ಅವರ ಆರೋಗ್ಯಕ್ಕೆ ಒಳ್ಳೆಯದು.

ಅದೇ ಸರಣಿಯಲ್ಲಿ ವೇಲಾಂಕಣಿ ಮಾತೆ ಇದ್ದಾಳೆ, ಬಿಜಾಪುರದ ಸುಲ್ತಾನರ ಕಾಲದ ಚಿತ್ರದಿಂದ ಎದ್ದು ಬಂದ ಯೋಗಿನಿ ಇದ್ದಾಳೆ, ಪೊಲೀಸರು ಹಿಡಿದು ಪತ್ರಿಕೆಯಲ್ಲಿ ಅಚ್ಚಾಗಿಸಿದ ಕಳ್ಳಿ ಇದ್ದಾಳೆ, ಚಾವಟಿ ಹಿಡಿದ ಎಪ್ಪತ್ತರ ದಶಕದ ಸಿನಿಮಾ ಜಯಲಲಿತಾ ಇದ್ದಾರೆ. ಆ ಫೋಟೋ ಬಂದ ಕಾಲಕ್ಕೆ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಮದರಾಸಿನಲ್ಲಿ ಮುಖ್ಯಮಂತ್ರಿ. ಮಂತ್ರಿಗಳು ಅವರ ಕಾಲಿಗೆ ಉದ್ದಕ್ಕೆ ಬೀಳುತ್ತಿದ್ದರು, ಬೀದಿಗಳಲ್ಲಿ ಅವರು ದೇವಿಯ ಕಟೌಟುಗಳಾಗಿ ನಿಂತಿದ್ದರು. ಒಬ್ಬ ನಟಿ ದೇವಿಯಾಗುವುದಕ್ಕೆ ಎಷ್ಟು ಪ್ಲೈವುಡ್ ಬೇಕೆಂದು ಆ ಕಾಲದ ತಮಿಳುನಾಡಿನ ಯಾವ ಬಡಗಿಯಾದರೂ ಲೆಕ್ಕ ಹೇಳುತ್ತಿದ್ದ. ಪುಷ್ಪಮಾಲಾ ದೇವಿ, ನಟಿ, ಕಳ್ಳಿ, ಬುಡಕಟ್ಟಿನ ಹೆಂಗಸು ಎಲ್ಲರನ್ನೂ ಒಂದೇ ಸಾಲಿನಲ್ಲಿ, ಒಂದೇ ಮುಖದಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಹೆಂಗಸರ ಫೋಟೋಕ್ಕೆ ಇರುವುದು ಇಷ್ಟೇ ಖಾನೆಗಳು, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಮಾರ್ವಾಡಿ ಅಂಗಡಿಯವರು ಸೀರೆ ಬಿಡಿಸಿ ಹಾಕಿದ ಹಾಗೆ.

ಗಂಡಸರ ಖಾನೆಯನ್ನೂ ಬಿಡಲಿಲ್ಲ. 2014ರ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ಸಾಕ್ಷಾತ್ ವಾಸ್ಕೋ ಡ ಗಾಮಾ ಆದರು. ಪೋರ್ಚುಗೀಸ್ ಕಲಾವಿದ ಸಾಲ್ಗಾದೋ ಬರೆದ ಚಿತ್ರದ ನಕಲು ಅದು. ಗಾಮಾ ಬಂದದ್ದು 1498ರಲ್ಲಿ, ಸಾಲ್ಗಾದೋ ಬರೆದದ್ದು 1898ರಲ್ಲಿ; ನಾನೂರು ವರ್ಷ ತಡವಾದ ಪ್ರತ್ಯಕ್ಷ ವರದಿ. ಈಗಿನ ಟೀವಿ ಚಾನೆಲ್ಲುಗಳು ಸ್ಟುಡಿಯೋದಲ್ಲೇ ಯುದ್ಧ ಮಾಡಿ ತೋರಿಸುವುದನ್ನು ಬೈಯುವವರು ಈ ಹಿರಿಯರನ್ನು ನೆನೆಯಬೇಕು.

ಅಚ್ಚಿನ ಅರ್ಥಶಾಸ್ತ್ರಕ್ಕೆ ಬರೋಣ. ಶಿವಕಾಶಿಯಲ್ಲಿ ಲಕ್ಷ್ಮಿ ಲಕ್ಷಗಟ್ಟಲೆ ಅಚ್ಚಾಗುತ್ತಾಳೆ, ಕೆಳಗೆ ಚಿನ್ನದಂಗಡಿಯ ವಿಳಾಸ ಹೊತ್ತು ಪುಕ್ಕಟೆಯಾಗಿ ಮನೆಗೆ ಬರುತ್ತಾಳೆ, ಡಿಸೆಂಬರ್ 31ಕ್ಕೆ ರದ್ದಿಗೆ ಹೋಗುತ್ತಾಳೆ. ಗ್ಯಾಲರಿಯ ಲಕ್ಷ್ಮಿಯೂ ಅಚ್ಚಾದವಳೇ. ಒಂದು ನೆಗೆಟಿವಿನಿಂದ ಸಾವಿರ ತೆಗೆಯಬಹುದು. ಆದರೆ ಕೆಲವೇ ಪ್ರತಿ ತೆಗೆಯುತ್ತೇವೆ, ಆಮೇಲೆ ಪ್ರಮಾಣ ಮಾಡಿ ನಿಲ್ಲಿಸುತ್ತೇವೆ ಎಂದು ಕೆಳಗೆ ಪೆನ್ಸಿಲ್ಲಿನಲ್ಲಿ ನಂಬರು ಹಾಕುತ್ತಾರೆ. ಈ ಸಂಯಮಕ್ಕೆ ಎಡಿಷನ್ ಎನ್ನುತ್ತಾರೆ, ಬೆಲೆ ಇರುವುದು ಲಕ್ಷ್ಮಿಗಲ್ಲ, ಸಂಯಮಕ್ಕೆ. ಕ್ಯಾಲೆಂಡರಿನ ಅಗ್ಗದ ದೇವಿಯನ್ನು ಗೋಡೆಯಿಂದ ಇಳಿಸಿ ತಾವು ಆಧುನಿಕರಾದೆವೆಂದು ತಿಳಿದಿದ್ದ ಕುಟುಂಬಗಳು, ಅದೇ ದೇವಿಯನ್ನು ಎಡಿಷನ್ ನಂಬರಿನೊಂದಿಗೆ ಸೋಫಾದ ಮೇಲ್ಗಡೆಗೆ ಮರಳಿ ತಂದವು. ಅಜ್ಜಿ ಬದುಕಿದ್ದರೆ ಕುಂಕುಮ ಹಚ್ಚಿಬಿಡುತ್ತಿದ್ದಳು, ಎಡಿಷನ್ ಕೆಡುತ್ತಿತ್ತು.

ಇದರಲ್ಲಿ ಕಲಾವಿದೆಯ ತಪ್ಪು ಹುಡುಕುವುದು ಸುಲಭ, ಬಾಡಿಗೆ ಅವರೂ ಕಟ್ಟಬೇಕು. ಆದರೂ ಒಂದು ಮಾತು ಹೇಳದೆ ಇರಲಾರೆ. ಬೀದಿಯ ಪ್ರಿಂಟನ್ನು ಗೇಲಿ ಮಾಡುವ ಈ ಕೃತಿಗಳು ಬೀದಿಯಲ್ಲಿ ಸಿಗುವುದಿಲ್ಲ. ಎಂ.ಜಿ. ರಸ್ತೆಯ ಹವಾನಿಯಂತ್ರಿತ ನಗು ಅಂಥದ್ದು. ಗಾಂಧಿ ಬಜಾರಿನವರೆಗೆ ಬರುವಷ್ಟರಲ್ಲಿ ಆರಿಹೋಗಿರುತ್ತದೆ. ರವಿವರ್ಮ ಅರಮನೆಯಿಂದ ಅಂಗಡಿಗೆ ಇಳಿದ; ಇವರು ಅಂಗಡಿಯಿಂದ ಮ್ಯೂಸಿಯಮ್ಮಿಗೆ ಏರಿದರು. ಇಳಿದವನನ್ನು ವಿಮರ್ಶಕರು ಕ್ಯಾಲೆಂಡರ್ ಕಲಾವಿದ ಎಂದು ಮೂಗು ಮುರಿದರು. ಏರಿದವರ ಬಗ್ಗೆ ಪಿಎಚ್.ಡಿ. ಬರೆಯುತ್ತಾರೆ.

ದಾದರಿನ ಇಂಡಿಯಾ ಫೋಟೋ ಸ್ಟುಡಿಯೋದ ಕಥೆ ಇದಕ್ಕಿಂತ ಸಿಹಿಯಾದದ್ದು. ಐವತ್ತು-ಅರವತ್ತರ ದಶಕದ ತಾರೆಯರ ಮುಖಗಳಿಗೆ ಬೆಳಕು ಹಚ್ಚಿದ ಜೆ.ಎಚ್. ಠಕ್ಕರ್ ಎಂಬ ಹಿರಿಯ ಫೋಟೋಗ್ರಾಫರ್ ಮುಂದೆ ಪುಷ್ಪಮಾಲಾ ಹೋಗಿ ನಿಂತರು, ನವರಸಗಳನ್ನು ಅಭಿನಯಿಸಿದರು. ನೆರಳು-ಬೆಳಕು, ಕಣ್ಣಂಚಿನ ಹೊಳಪು ಎಲ್ಲ ಹಳೆಯ ಕೈಯದ್ದೇ. ಕಾಲ ಹಿಂದೆ ಬಿಟ್ಟಿದ್ದ ಕಸುಬುದಾರನನ್ನು ಹುಡುಕಿಕೊಂಡು ಹೋಗಿ ಅವನ ಕಸುಬಿಗೇ ಮುಖ ಕೊಡುವುದು ನಕಲಲ್ಲ, ಮರ್ಯಾದೆ. ನಮ್ಮ ಗಾಂಧಿನಗರದ ಥಿಯೇಟರುಗಳ ಮುಂದೆ ರಾಜ್‌ಕುಮಾರ್ ಕಟೌಟುಗಳನ್ನು ಬರೆಯುತ್ತಿದ್ದ ಕೈಗಳನ್ನು ಫ್ಲೆಕ್ಸ್ ಯಂತ್ರ ಬಂದು ಮೂಲೆಗೆ ಕೂರಿಸಿದಾಗ ಕನ್ನಡ ಚಿತ್ರರಂಗ ಅವರಿಗೆ ಯಾವ ಮರ್ಯಾದೆ ಮಾಡಿತು? ಆ ಯಂತ್ರದಲ್ಲೇ ಅಚ್ಚು ಹಾಕಿಸಿದ ಶ್ರದ್ಧಾಂಜಲಿ ಕೂಡ ಮಾಡಲಿಲ್ಲ.

ಈಗ ಎಲ್ಲವೂ ಬಿಟ್ಟಿ. 2025ರ ಸೆಪ್ಟೆಂಬರಿನ ನಿಮ್ಮ ಫೋನನ್ನೊಮ್ಮೆ ನೆನಪಿಸಿಕೊಳ್ಳಿ. ಮುಖವೊಂದನ್ನು ಎಐಗೆ ಕೊಟ್ಟರೆ ಶಿಫಾನ್ ಸೀರೆ, ಮಲ್ಲಿಗೆ ಮುಡಿ, ಸಂಜೆಯ ಹೊಂಬಿಸಿಲು ಸಮೇತ ಹಳೇ ಸಿನಿಮಾದ ನಾಯಕಿ ತಯಾರು. ಅತ್ತಿಗೆ, ನಾದಿನಿ, ಬ್ಯಾಂಕಿನ ಮ್ಯಾನೇಜರು, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಎಲ್ಲರೂ ಒಂದೇ ವಾರದಲ್ಲಿ ತಾರೆಯರಾದರು. ಪುಷ್ಪಮಾಲಾ ವರ್ಷಗಟ್ಟಲೆ ಬಡಗಿ, ಟೈಲರ್, ಪೇಂಟರುಗಳನ್ನು ಕಟ್ಟಿಕೊಂಡು ಮಾಡಿದ್ದನ್ನು ನಮ್ಮ ಫ್ಯಾಮಿಲಿ ವಾಟ್ಸಪ್ ಗ್ರೂಪು ಕಾಫಿ ಆರುವುದರೊಳಗೆ ಮುಗಿಸಿತು. ವ್ಯತ್ಯಾಸ ಒಂದೇ: ಅವರ ಚಿತ್ರದಲ್ಲಿ ಪರದೆಯ ಮಡಿಕೆ ಕಾಣುತ್ತದೆ, ಆಕೆ ಆ ಪಾತ್ರಕ್ಕೆ ಪೂರ್ತಿ ಹೊಂದುವುದಿಲ್ಲ ಎಂಬುದು ಕಾಣುತ್ತದೆ. ನಮ್ಮ ಗ್ರೂಪಿನಲ್ಲಿ ಒಬ್ಬರಿಗೂ ಹೊಂದದ ವೇಷವಿರಲಿಲ್ಲ. ಮದುವೆಗೆ ಮುಂಚಿನ ಫೋಟೋಶೂಟಿಗೆ ಬಾಡಿಗೆ ಗೌನು ತೊಟ್ಟು ಹೊಗೆಯ ನಡುವೆ ಓಡುವ ಜೋಡಿಗಳೂ ಹಾಗೆಯೇ; ಆ ಹೊಗೆ ಎಲ್ಲಿಂದ ಬಂತೆಂದು ಮದುವೆ ಮುಗಿದು ಇಎಂಐ ಬರುವವರೆಗೆ ಯಾರೂ ಕೇಳುವುದಿಲ್ಲ.

ಗೇಲಿ ನಿಲ್ಲುವ ಒಂದು ಜಾಗ ಇದೆ. ಗೌರಿ ಲಂಕೇಶ್ ಪುಷ್ಪಮಾಲಾ ಅವರ ಗೆಳತಿ. ವಾರವಾರ ಪತ್ರಿಕೆ ಅಚ್ಚು ಹಾಕುತ್ತಿದ್ದ ಆಕೆಯನ್ನು 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆಮೇಲೆ ಊರಿನಲ್ಲಿ ಮೇಣದ ಬತ್ತಿ, ಭಾಷಣ, ಘೋಷಣೆ ಎಲ್ಲವೂ ಆದವು. ಪುಷ್ಪಮಾಲಾ ಮಾಡಿದ್ದು ಸಾರು. ಗೌರಿ ಹೇಳಿಕೊಟ್ಟ ದಿಢೀರ್ ಸಾರಿನ ವಿಧಾನವನ್ನೇ ಪರ್ಫಾರ್ಮೆನ್ಸ್ ಮಾಡಿ 'ಗೌರಿ ಲಂಕೇಶರ ಅರ್ಜೆಂಟ್ ಸಾರು' ಎಂದು ಹೆಸರಿಟ್ಟರು. ಭಾರತಮಾತೆಯ ಹಳೇ ಪ್ರಿಂಟುಗಳನ್ನು ಹುಡುಕಿ ಹುಡುಕಿ ಆ ವೇಷವನ್ನೂ ಹಾಕಿದ್ದವರು ಅವರು. ಗೆಳತಿ ಸತ್ತಾಗ ಯಾವ ಮಾತೆಯ ವೇಷವನ್ನೂ ಹಾಕದೆ ಒಲೆ ಹಚ್ಚಿದರು. ಇದರ ಬಗ್ಗೆ ನನಗೆ ತಮಾಷೆ ಹೊಳೆಯುವುದಿಲ್ಲ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನೆರೆಯುತ್ತದೆ. ಅಲ್ಲಿ ಅತಿ ಹೆಚ್ಚು ಕೇಳಿಬರುವ ಕಲಾವಿಮರ್ಶೆ ಎಂದರೆ 'ಒರಿಜಿನಲ್ಲೋ, ಪ್ರಿಂಟೋ?' ಎಂಬುದು. ಪ್ರಿಂಟು ಎಂದರೆ ಮುಖ ಸಿಂಡರಿಸಿ ಅರ್ಧ ಬೆಲೆಗೆ ಇಳಿಯುತ್ತೇವೆ. ದೇವರು, ನಾಯಕ, ನಾಯಕಿ, ದೇಶ ಎಲ್ಲರನ್ನೂ ಪ್ರಿಂಟಿನಲ್ಲೇ ಕಂಡು ಪ್ರಿಂಟಿಗೇ ಕೈಮುಗಿದು ಬೆಳೆದವರು ನಾವು, ಸಂತೆಗೆ ಹೋದ ಕೂಡಲೆ ಒರಿಜಿನಲ್ಲಿನ ಉಪಾಸಕರಾಗುತ್ತೇವೆ. ಮುಂದಿನ ಸಲ ಲಿನೋ, ಎಚಿಂಗ್ ಹಿಡಿದು ಬಿಸಿಲಿನಲ್ಲಿ ಕೂತ ಹುಡುಗರನ್ನು ಕಂಡರೆ ದಯವಿಟ್ಟು ಕೇಳಿದಷ್ಟು ಕೊಡಿ.

ಪುಷ್ಪಮಾಲಾ ಅವರಿಗೆ ಸ್ವಂತದ್ದೊಂದು ಸಂಸ್ಥೆಯೂ ಇದೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ತೊಂಬತ್ತರ ದಶಕದಲ್ಲೇ ಕಟ್ಟಿದ್ದು, ಪೂರಾ ಕಾಲ್ಪನಿಕ. ಹೆಸರು ಸೋಂಬೇರಿಕಟ್ಟೆ. ಸರ್ಕಾರ ಬದಲಾದಾಗಲೆಲ್ಲ ನಮ್ಮ ಅಕಾಡೆಮಿಗಳ ಕುರ್ಚಿ ಖಾಲಿಯಾಗುತ್ತದೆ, ತಿಂಗಳುಗಟ್ಟಲೆ ಖಾಲಿಯೇ ಇರುತ್ತದೆ, ಅಷ್ಟರಲ್ಲಿ ಬಯೋಡೇಟಾಗಳು ವಿಧಾನಸೌಧದ ಮೆಟ್ಟಿಲು ಹತ್ತಿ ಇಳಿದು ಸವೆಯುತ್ತವೆ. ಈ ನಾಡಿನ ಕಲಾಸಂಸ್ಥೆಗಳಲ್ಲಿ ಅಧ್ಯಕ್ಷಗಿರಿಗೆ ಲಾಬಿ ನಡೆಯದೆ ಉಳಿದದ್ದು ಸೋಂಬೇರಿಕಟ್ಟೆಯೊಂದೇ.